ಬೀಡಿ ಸೇದಿದರೆ ಚುರುಕು ಬರುವುದೇ?

‘ಒಂದು ಬೀಡಿ ಸೇದದಿದ್ದರೆ ಕೈಕಾಲೇ ಆಡುವುದಿಲ್ಲ’ ಎಂದು ಟ್ರ್ಯಾಕ್ಟರ್ ನಡೆಸುವವರೂ ರಾತ್ರಿ ಲಾರಿ ಓಡಿಸುವವರೂ ಹೇಳುವುದುಂಟು. ಈ ಮಾತು ಪೂರ್ಣ ಸುಳ್ಳಲ್ಲ. ಅದಕ್ಕೇ ಅದು ಹೆಚ್ಚು ಅಪಾಯಕರ.

ಕಣ್ಣು ಕಂಡುದನ್ನು ಮಿದುಳು ಅರಿತು, ಕೈಕಾಲುಗಳು ಚಲಿಸುವವರೆಗಿನ ಅವಧಿಯೇ ಪ್ರತಿಕ್ರಿಯಾ ಕಾಲ. ಗಂಟೆಗೆ 60 ಕಿ.ಮೀ. ವೇಗದ ವಾಹನವು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಬ್ರೇಕಿನ ಮೇಲೆ ಕಾಲಿಡುವುದು ಸೆಕೆಂಡಿನ ಹತ್ತನೆಯ ಒಂದಂಶದಷ್ಟು ತಡವಾದರೂ ವಾಹನ ಒಂದೂವರೆ ಮೀಟರಿಗೂ ಮಿಗಿಲಾಗಿ ಮುಂದೆ ಸರಿದಿರುತ್ತದೆ. ರಸ್ತೆ ದಾಟುತ್ತಿರುವ ಮಗುವಿಗೆ ಆ ಅಂತರ ಸಣ್ಣದಲ್ಲ.

ಹೊಗೆಯಲ್ಲಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟಿ ಕ್ಷಣಕಾಲ ಎಚ್ಚರವನ್ನು ಹೆಚ್ಚಿಸುತ್ತದೆ. ಆದರೆ ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಚಟಕ್ಕೆ ಒಗ್ಗಿದ ಮಿದುಳು ಆಗ ಚಡಪಡಿಸುತ್ತದೆ, ಗಮನ ಚದುರುತ್ತದೆ. ಮುಂದಿನ ಬೀಡಿ ತರುವ ಚುರುಕಿನಲ್ಲಿ ಬಹುಪಾಲು ಹೀಗೆ ಕಳೆದುಕೊಂಡದ್ದೇ. ನಮ್ಮ ಜೇಬಿನಿಂದ ಕದ್ದ ಹಣವನ್ನು ನಮಗೇ ಬಡ್ಡಿಗೆ ಕೊಡುವ ಸಾಹುಕಾರನ ವ್ಯವಹಾರವಿದು!

ಬಡ್ಡಿಯಂತೂ ದುಬಾರಿ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುವುದರಿಂದ ಮಿದುಳಿಗೆ ಸಲ್ಲಬೇಕಾದ ಪ್ರಾಣವಾಯು ಕಡಿಮೆಯಾಗುತ್ತದೆ. ಬೀಡಿ ಆರದಿರಲೆಂದು ಮೇಲಿಂದ ಮೇಲೆ ಎಳೆಯುವವರಿಗೆ ಈ ವಿಷ ಇನ್ನೂ ಹೆಚ್ಚು. ವರುಷಗಳು ಕಳೆದಂತೆ ಮಿದುಳಿನ ಸೂಕ್ಷ್ಮ ರಕ್ತನಾಳಗಳೂ ಕೆಡುತ್ತವೆ.

ಲಂಡನ್ನಿನ ಸರಕಾರಿ ನೌಕರರನ್ನು 1985ರಿಂದ ಅನುಸರಿಸಿಕೊಂಡು ಬಂದ ವೈಟ್‌ಹಾಲ್ ಅಧ್ಯಯನದ ವರದಿಯೊಂದು 2012ರಲ್ಲಿ ಪ್ರಕಟವಾಯಿತು. ನಡುವಯಸ್ಸು ದಾಟಿದ ಪುರುಷರಲ್ಲಿ, ಧೂಮಪಾನಿಗಳ ಗ್ರಹಣಶಕ್ತಿ ಎಂದೂ ಸೇದದವರಿಗಿಂತ ಬೇಗ ಕುಗ್ಗುತ್ತಿತ್ತು. ಸ್ತ್ರೀಯರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಸ್ತ್ರೀಯರ ಸಂಖ್ಯೆಯೂ ಕಡಿಮೆಯಿತ್ತು. ಸಮಾಧಾನದ ಸಂಗತಿಯೆಂದರೆ, ಹತ್ತು ವರುಷಕ್ಕೂ ಹಿಂದೆ ಚಟ ಬಿಟ್ಟವರಲ್ಲಿ ಈ ವೇಗದ ಕುಸಿತ ಇರಲಿಲ್ಲ. ನಲವತ್ತರಲ್ಲಿ ಬಿಟ್ಟವನಿಗೆ ಐವತ್ತರ ಹೊತ್ತಿಗೆ ಫಲ ದೊರೆಯಬಹುದು. ಐವತ್ತಾದವರೂ ತಡವಾಯಿತೆಂದು ಕೈಚೆಲ್ಲಬೇಕಾಗಿಲ್ಲ.

ಬಿಟ್ಟ ಮೊದಲ ಎರಡು ಮೂರು ವಾರಗಳಲ್ಲಿ ಮಾತ್ರ ಸಿಡುಕು, ನಿದ್ರಾಭಂಗ, ಮರೆವು ಕಾಡುತ್ತವೆ. ಆ ದಿನಗಳಲ್ಲಿ ರಾತ್ರಿಯ ದೀರ್ಘ ಚಾಲನೆಯನ್ನೂ ಮೇವು ಕತ್ತರಿಸುವ ಯಂತ್ರದ ಕೆಲಸವನ್ನೂ ಮನೆಯ ಬೇರೆಯವರು ವಹಿಸಿಕೊಳ್ಳುವುದು ಲೇಸು. ಚಟ ಬಿಡಲು ನೆರವು ಬೇಕಾದವರು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು.