ದಡಾರ ಹೋದ ಮೇಲೆ

ವಾರ್ಡಿಗೆ ದಡಾರದ ಮಗು ಬಂದರೆ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹಾಕುವುದು ನನ್ನ ಹಳೆಯ ಚಾಳಿ: ಈ ಕೆಂಪು ದದ್ದು ಎಬ್ಬಿಸಿದವರು ಯಾರು? ‘ವೈರಸ್ ಸಾರ್’ ಎಂದು ಎಲ್ಲರೂ ಒಟ್ಟಿಗೇ ಹೇಳುತ್ತಾರೆ. ಹುಟ್ಟಿನಿಂದಲೇ ಟಿ ಕೋಶಗಳ ಬಲವಿಲ್ಲದ ಮಕ್ಕಳಿಗೆ ಇದೇ ವೈರಸ್ ತಗಲಿದಾಗ ಮೈಮೇಲೆ ದದ್ದೇ ಏಳದೆ ಶ್ವಾಸಕೋಶ ಕೆಟ್ಟು ಜೀವಕ್ಕೇ ಬರುವುದುಂಟಲ್ಲ, ಅದು ಹೇಗೆ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ದದ್ದು ಎಬ್ಬಿಸುವುದು ಮಗುವಿನ ಟಿ ಕೋಶಗಳೇ. ವೈರಸ್ ಹೊಕ್ಕ ಚರ್ಮದ ಕೋಶಗಳನ್ನು ಅವು ಹುಡುಕಿ ಕೊಲ್ಲುವಾಗ ಮೇಲೆ ಕಾಣುವ ಕೆಂಪು ಅದು. ಮನೆಯವರು ಅದನ್ನು ಕಂಡು ಹೆದರುತ್ತಾರೆ. ನನಗೆ ಅದನ್ನು ಕಂಡರೆ ಅರ್ಧ ಸಮಾಧಾನ.

ಉಳಿದರ್ಧ ಯಾಕಿಲ್ಲ ಎನ್ನುವುದಕ್ಕೆ ಎರಡು ವಾರ ಹಿಂದಕ್ಕೆ ಹೋಗಬೇಕು. ರೋಗಿ ಕೆಮ್ಮಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಈ ವೈರಸ್ ಎರಡು ಗಂಟೆಯವರೆಗೂ ಉಳಿಯಬಲ್ಲದು. ಉಸಿರಿನ ಜೊತೆ ಒಳಗೆ ಬಂದದ್ದನ್ನು ಶ್ವಾಸಕೋಶದ ಕಾವಲು ಕೋಶಗಳು ಹಿಡಿದು ದುಗ್ಧಗ್ರಂಥಿಗೆ ಒಯ್ಯುತ್ತವೆ. ಬೇರೆ ರೋಗಾಣುವಾಗಿದ್ದರೆ ಅಲ್ಲಿಗೆ ಅದರ ಕಥೆ ಬಹುಪಾಲು ಮುಗಿಯುತ್ತಿತ್ತು. ದಡಾರದ ವೈರಸ್ಸಿಗೆ ಮಾತ್ರ ಹೋಗಬೇಕಾಗಿದ್ದ ಜಾಗವೇ ಅದು. ಅದು ಕೋಶದೊಳಗೆ ನುಗ್ಗಲು ಸಿಡಿ150 ಎಂಬ ಪ್ರೋಟೀನನ್ನು ಬಾಗಿಲು ಮಾಡಿಕೊಳ್ಳುತ್ತದೆ ಎಂದು ಜಪಾನಿನ ವಿಜ್ಞಾನಿಗಳು 2000ರಲ್ಲಿ ತೋರಿಸಿದರು. ಹಿಂದಿನ ಸೋಂಕುಗಳ ನೆನಪು ಇಟ್ಟುಕೊಂಡಿರುವ ಟಿ ಮತ್ತು ಬಿ ಕೋಶಗಳ ಮೇಲೆ ಈ ಪ್ರೋಟೀನ್ ಇದ್ದೇ ಇರುತ್ತದೆ. ಹಾಗಾಗಿ ವೈರಸ್ ಬೆಳೆಯುವುದು ಆ ನೆನಪಿನ ಕೋಶಗಳಲ್ಲೇ. ಸುಮಾರು ಹತ್ತು ದಿನ ಮಗು ಆಡಿಕೊಂಡೇ ಇರುತ್ತದೆ. ಆಮೇಲೆ ಜ್ವರ, ಮೂಗು ಸೋರುವುದು, ಕೆಂಗಣ್ಣು. ಬಾಯಿಗೆ ಟಾರ್ಚ್ ಬಿಟ್ಟರೆ ಕೆನ್ನೆಯ ಒಳಗಡೆ, ದವಡೆ ಹಲ್ಲಿನ ಎದುರಿಗೆ, ಕೆಂಪು ನೆಲದ ಮೇಲೆ ಪುಟ್ಟ ಬಿಳಿ ಚುಕ್ಕೆಗಳು. ನ್ಯೂಯಾರ್ಕಿನ ಹೆನ್ರಿ ಕಾಪ್ಲಿಕ್ 1896ರಲ್ಲಿ ವಿವರಿಸಿದ ಚುಕ್ಕೆಗಳಿವು. ದದ್ದು ಕಿವಿಯ ಹಿಂದೆ, ಮುಖದ ಮೇಲೆ ಎದ್ದು ಕೆಳಗಿಳಿಯುವ ಹೊತ್ತಿಗೆ ಮಗು ನಾಲ್ಕು ದಿನದಿಂದ ರೋಗ ಹಂಚುತ್ತಿರುತ್ತದೆ.

ದದ್ದಿನ ಜೊತೆಗೇ ರಕ್ತದಲ್ಲಿ ಐಜಿಎಂ ಪ್ರತಿಕಾಯ ಏಳುತ್ತದೆ. ಆರೋಗ್ಯ ಇಲಾಖೆಯವರು ರಕ್ತ ತೆಗೆದು ಪರೀಕ್ಷೆಗೆ ಕಳಿಸುವುದು ಅದನ್ನು ಹುಡುಕಲಿಕ್ಕೆ. ಟಿ ಕೋಶಗಳು ವೈರಸ್ ಹೊಕ್ಕ ಕೋಶಗಳನ್ನೆಲ್ಲ ಕೊಂದು ಮುಗಿಸುತ್ತವೆ, ಆದರೆ ಹಾಗೆ ಸತ್ತವುಗಳಲ್ಲಿ ನೆನಪಿನ ಕೋಶಗಳೂ ಸೇರಿರುತ್ತವೆ. ಊರಿನ ಶಾನುಭೋಗರ ದಫ್ತರಕ್ಕೆ ಬೆಂಕಿಯಿಟ್ಟು, ತನ್ನೊಬ್ಬನ ಖಾತೆಯನ್ನು ಮಾತ್ರ ಅಳಿಸದಂತೆ ಬರೆಸಿಕೊಂಡು ಹೋದ ಹಾಗೆ ಇದರ ಕೆಲಸ. ಆ ಒಂದು ಖಾತೆ ಎಷ್ಟು ಗಟ್ಟಿಯೆಂದರೆ, 1846ರಲ್ಲಿ ಫೆರೋ ದ್ವೀಪಗಳಲ್ಲಿ ದಡಾರ ಎದ್ದಾಗ, 1781ರ ದಡಾರ ಕಂಡಿದ್ದ ಮುದುಕರಿಗೆ ಮತ್ತೆ ತಗಲಲಿಲ್ಲ. 65 ವರ್ಷದ ಅಂತರ! ಇದನ್ನು ದಾಖಲಿಸಿದ ಪೀಟರ್ ಪಾನುಮ್ ಆಗ ಇಪ್ಪತ್ತರ ಹರೆಯದ ಡೆನ್ಮಾರ್ಕಿನ ವೈದ್ಯ.

ಸುಟ್ಟುಹೋದ ಉಳಿದ ಖಾತೆಗಳ ಸುಳಿವು ಮೊದಲು ಸಿಕ್ಕಿದ್ದು ವಿಯೆನ್ನಾದಲ್ಲಿ. ಕ್ಲೆಮೆನ್ಸ್ ಫಾನ್ ಪಿರ್ಕೆ, ‘ಅಲರ್ಜಿ’ ಎಂಬ ಹೆಸರಿಟ್ಟ ಅದೇ ಮಕ್ಕಳ ವೈದ್ಯ, 1908ರಲ್ಲಿ ಒಂದು ವಿಚಿತ್ರ ಗಮನಿಸಿದರು. ಕ್ಷಯದ ಚರ್ಮ ಪರೀಕ್ಷೆಗೆ ಊದಿಕೊಳ್ಳುತ್ತಿದ್ದ ಮಕ್ಕಳ ತೋಳು, ದಡಾರ ಬಂದ ದಿನಗಳಲ್ಲಿ ಊದಿಕೊಳ್ಳುತ್ತಿರಲಿಲ್ಲ. ಕ್ಷಯ ಮೈಯಲ್ಲಿ ಹಾಗೇ ಇತ್ತು. ಅದನ್ನು ಗುರುತಿಸುವ ಶಕ್ತಿ ಉಡುಗಿತ್ತು.

ಇದಕ್ಕೆ ಲೆಕ್ಕ ಸಿಗಲು ನೂರು ವರ್ಷ ಬೇಕಾಯಿತು. 2013ರಲ್ಲಿ ನೆದರ್ಲೆಂಡ್ಸಿನಲ್ಲಿ, ಧಾರ್ಮಿಕ ಕಾರಣಕ್ಕೆ ಲಸಿಕೆ ಬೇಡವೆನ್ನುವ ಕುಟುಂಬಗಳ ನಡುವೆ ದಡಾರ ಹಬ್ಬಿತು. ಅಲ್ಲಿನ 77 ಮಕ್ಕಳ ರಕ್ತವನ್ನು ರೋಗಕ್ಕೆ ಮುಂಚೆ ಮತ್ತು ರೋಗದ ನಂತರ ತೆಗೆದಿಟ್ಟಿದ್ದರು. ಎರಡನ್ನೂ ಹೋಲಿಸಿ ನೋಡಿದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು: ಬೇರೆ ಬೇರೆ ರೋಗಾಣುಗಳ ವಿರುದ್ಧ ಆ ಮಕ್ಕಳಲ್ಲಿದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟು ಮಾಯ. ಲಸಿಕೆ ಪಡೆದ ಮಕ್ಕಳಲ್ಲಿ ಈ ನಷ್ಟ ಕಾಣಲಿಲ್ಲ. ಅದಕ್ಕೂ ಮುಂಚೆ, 2015ರಲ್ಲಿ, ಹಳೆಯ ಮರಣದ ದಾಖಲೆಗಳನ್ನು ಜಾಲಾಡಿದವರು ದಡಾರದ ನೆರಳು ಎರಡು ಮೂರು ವರ್ಷ ಚಾಚಿರುತ್ತದೆ ಎಂದಿದ್ದರು.

ಇದನ್ನು ಓದಿದಾಗ ನನಗೆ ನೆನಪಾದದ್ದು ರಾಯಚೂರು ಕಡೆಯ ಅಜ್ಜಿಯರು. ‘ಅಮ್ಮ ಬಂದು ಹೋಗಿ ಎರಡು ತಿಂಗಳಾತ್ರೀ, ಕೂಸು ಚೇತರಿಸ್ಕೊಳ್ಳವಲ್ದು. ಒಮ್ಮೆ ಭೇದಿ, ಒಮ್ಮೆ ಕೆಮ್ಮು’ ಎಂದು ಸೊರಗಿದ ಮೊಮ್ಮಗುವನ್ನು ಸೊಂಟದ ಮೇಲೆ ಹೊತ್ತು ತರುತ್ತಿದ್ದರು. ದದ್ದು ಮಾಯವಾದ ದಿನ ರೋಗಿ ಗುಣ ಎಂದು ಬರೆದು ಕಳಿಸುವ ನಮಗಿಂತ ಅವರ ಲೆಕ್ಕವೇ ಸರಿಯಿತ್ತು. ದಡಾರದಲ್ಲಿ ಸಾಯುವ ಮಕ್ಕಳು ಹೆಚ್ಚಾಗಿ ಸಾಯುವುದು ಹಿಂದೆ ಬರುವ ನ್ಯುಮೋನಿಯಾ, ಭೇದಿಗಳಿಂದ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ಮಗುವಿಗೆ ಊಟ ಬಿಡಿಸಿ ಪಥ್ಯ ಮಾಡಿಸಿದರೆ ಮಾತ್ರ ಜಗಳವಾಡುತ್ತೇನೆ. ಎರಡು ದಿನ ಒಂದೊಂದು ಸಲ ವಿಟಮಿನ್ ಎ ಹನಿ ಕುಡಿಸಬೇಕು. ಅದು ಕಣ್ಣನ್ನೂ ಉಳಿಸುತ್ತದೆ, ಜೀವವನ್ನೂ ಉಳಿಸುತ್ತದೆ.

ಲಸಿಕೆಯಲ್ಲಿರುವುದು ಬಲ ಕಳೆದ ಜೀವಂತ ವೈರಸ್. ಒಂಬತ್ತು ತಿಂಗಳಿಗೆ ಮೊದಲು ಹಾಕಿದರೆ ತಾಯಿಯಿಂದ ಬಂದ ಪ್ರತಿಕಾಯಗಳು ಅದನ್ನೇ ಕೊಂದುಬಿಡಬಹುದು. ಒಂಬತ್ತರಲ್ಲಿ ಹಾಕಿದರೂ ನೂರರಲ್ಲಿ ಹದಿನೈದು ಮಕ್ಕಳಿಗೆ ಅದು ಹತ್ತುವುದಿಲ್ಲ. ಎರಡನೆಯ ಡೋಸ್ ಇರುವುದು ಅವರಿಗಾಗಿ, ಆದರೆ ಅವರು ಯಾರೆಂದು ಗೊತ್ತಾಗದ ಕಾರಣ ಎಲ್ಲರಿಗೂ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸಾಪ್ ವದಂತಿ ನಂಬಿ ಮಕ್ಕಳನ್ನು ಶಾಲೆಗೇ ಕಳಿಸದ ಓದಿದ ಅಪ್ಪಂದಿರನ್ನು ಕಂಡಿದ್ದೇನೆ. ಹೊಲಗೂಲಿಯವರು ಅಷ್ಟು ಕಾಡಲಿಲ್ಲ.

ಈಗಲೂ ಚಿಕ್ಕ ಮಗು ಮೇಲಿಂದ ಮೇಲೆ ಎದೆ ಕಟ್ಟಿಕೊಂಡು ಬಂದರೆ ತಾಯಿ ಕಾರ್ಡ್ ಕೇಳುತ್ತೇನೆ. ಒಂಬತ್ತು ತಿಂಗಳ ಮನೆ ತುಂಬಿ, ಒಂದೂವರೆ ವರ್ಷದ್ದು ಖಾಲಿ ಇರುವ ಕಾರ್ಡುಗಳೇ ಕೈಗೆ ಬರುತ್ತವೆ. ‘ಆಗ ದುಡಿಯಾಕ ಬೆಂಗಳೂರಿಗೆ ಹೋಗಿದ್ವಿರೀ’ ಎನ್ನುತ್ತಾರೆ. ಗುಳೆ ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಈ ಲಸಿಕೆ ಪುಕ್ಕಟೆ. ತಪ್ಪಿಹೋದ ಡೋಸನ್ನು ಐದು ವರ್ಷ ತುಂಬುವವರೆಗೂ ಹಾಕಿಸಬಹುದು.