‘ಸಿಸ್ಟಂನಲ್ಲಿ ನಿಮ್ಮ ಹೆಸರಿಲ್ಲ’: ಮಕ್ಕಳನ್ನು ಉಳಿಸಿ ಅಪ್ಪನನ್ನು ಮರೆಯುವ ಕೋಡ್

ಕೌಂಟರಿನಲ್ಲಿ ‘ಸಿಸ್ಟಂನಲ್ಲಿ ನಿಮ್ಮ ಹೆಸರೇ ಇಲ್ಲ’ ಅಂದುಬಿಟ್ಟರೆ ಮುಗೀತು, ಮುಂದೆ ಮಾತಿಲ್ಲ. ಹೆಸರು ಕಾಣೆಯಾಗೋಕೆ ಹಲವು ದಾರಿಗಳಿವೆ. ಕೋಡ್ ಬರೆಯುವವನಾಗಿ ನನಗೆ ಚೆನ್ನಾಗಿ ಗೊತ್ತಿರುವ ಒಂದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಜಾವಾದಲ್ಲಿ ಕೋಡನ್ನು ‘ಕ್ಲಾಸ್’ಗಳಾಗಿ ಬರೆಯುತ್ತೇವೆ. ‘ವ್ಯಕ್ತಿ’ ಎಂಬ ಕ್ಲಾಸಿನಲ್ಲಿ ಹೆಸರು, ಹುಟ್ಟಿದ ದಿನಾಂಕ ಇದೆ ಅಂದುಕೊಳ್ಳಿ. ಅದರ ಮಗುವಾಗಿ ‘ಪಿಂಚಣಿದಾರ’ ಎಂಬ ಕ್ಲಾಸ್ ಮಾಡಿ, ಪಿಂಚಣಿ ಮೊತ್ತವನ್ನಷ್ಟೇ ಸೇರಿಸಿದರೆ ಸಾಕು. ಹೆಸರು, ದಿನಾಂಕ ಪಿತ್ರಾರ್ಜಿತವಾಗಿ ಬರುತ್ತವೆ. ಇದೇ ಇನ್‌ಹೆರಿಟೆನ್ಸ್.

ಪ್ರೋಗ್ರಾಂ ನಿಂತರೆ ಮೆಮೊರಿಯಲ್ಲಿದ್ದದ್ದೆಲ್ಲ ಹೋಗುತ್ತೆ. ಆಬ್ಜೆಕ್ಟನ್ನು ಫೈಲಿಗೆ ಬರೆದಿಡಲು 1997ರ ಜಾವಾ 1.1ರಲ್ಲಿ ‘ಸೀರಿಯಲೈಸೇಶನ್’ ಬಂತು. ಕ್ಲಾಸಿಗೆ ‘ಸೀರಿಯಲೈಸಬಲ್’ ಅಂತ ಗುರುತು ಹಾಕಿದರೆ ಉಳಿದದ್ದನ್ನು ಜಾವಾ ನೋಡಿಕೊಳ್ಳುತ್ತೆ.

ಎಡವಟ್ಟಾಗೋದು ಇಲ್ಲೇ. ಗುರುತನ್ನು ‘ಪಿಂಚಣಿದಾರ’ಕ್ಕೆ ಹಾಕಿ, ‘ವ್ಯಕ್ತಿ’ಗೆ ಹಾಕದಿದ್ದರೆ ಮೊತ್ತ ಮಾತ್ರ ಫೈಲಿಗೆ ಹೋಗುತ್ತೆ. ವಾಪಸ್ ಓದುವಾಗ ಜಾವಾ ‘ವ್ಯಕ್ತಿ’ಯ ಭಾಗವನ್ನು ಅದರ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಓಡಿಸಿ ಹೊಸದಾಗಿ ಕಟ್ಟುತ್ತೆ. ಅದರಲ್ಲಿ ಏನೂ ತುಂಬಿಲ್ಲದಿದ್ದರೆ ಹೆಸರು ಖಾಲಿ. ಬರೆಯುವಾಗಲೂ ಎರರ್ ಇಲ್ಲ, ಓದುವಾಗಲೂ ಇಲ್ಲ. ಅಂಥ ಕನ್‌ಸ್ಟ್ರಕ್ಟರೇ ಇಲ್ಲದಿದ್ದರೆ ಎರರ್ ಬರುತ್ತೆ, ಆದರೆ ಅದೂ ಓದುವಾಗಲೇ. ಅಷ್ಟರಲ್ಲಿ ಫೈಲ್ ಅರೆಬರೆಯಾಗಿರುತ್ತೆ.

‘ದೊಡ್ಡ ವ್ಯವಸ್ಥೆಗಳು ಫೈಲಲ್ಲ, ಡೇಟಾಬೇಸ್ ಬಳಸುತ್ತವಲ್ಲ?’ ಅಂತ ಕೇಳಬಹುದು. ನಿಜ. ಆದರೆ ಜಾವಾ ಆಬ್ಜೆಕ್ಟುಗಳನ್ನು ಡೇಟಾಬೇಸಿಗೆ ಜೋಡಿಸುವ ಜೆಪಿಎಯಲ್ಲೂ ಇದೇ ಕಥೆ. ಅಪ್ಪನ ಕ್ಲಾಸಿಗೆ ‘ಎಂಟಿಟಿ’ ಅಥವಾ ‘ಮ್ಯಾಪ್ಡ್ ಸೂಪರ್‌ಕ್ಲಾಸ್’ ಅನ್ನುವ ಗುರುತು ಇಲ್ಲದಿದ್ದರೆ ಅದರ ಮಾಹಿತಿ ಉಳಿಯುವುದಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಅಪ್ಪನ ಕ್ಲಾಸಿಗೂ ಗುರುತು ಹಾಕಬೇಕು. ಅದನ್ನು ಮುಟ್ಟುವಂತಿಲ್ಲದಿದ್ದರೆ, ಮಗುವಿನ ಕ್ಲಾಸಿನಲ್ಲೇ ಅಪ್ಪನ ಮಾಹಿತಿಯನ್ನು ಬರೆಯುವ, ಓದುವ ಕೋಡನ್ನು ಕೈಯಾರೆ ಸೇರಿಸಬೇಕು. ಆಮೇಲೆ ಉಳಿಸಿದ್ದನ್ನು ವಾಪಸ್ ಓದಿ, ಮೂಲದ ಜೊತೆ ಒಂದೊಂದಾಗಿ ತಾಳೆ ನೋಡಬೇಕು. ‘ಸೇವ್ ಆಯ್ತು’ ಅನ್ನುವ ಸಂದೇಶ ಇದಕ್ಕೆ ಪುರಾವೆ ಅಲ್ಲ.

ಇದು ಜಾವಾದ ದೋಷವಲ್ಲ, ಬರೆದಿಟ್ಟ ನಿಯಮ. ಯಾವುದು ಉಳಿಯಬೇಕು ಅಂತ ತೀರ್ಮಾನಿಸಿದ್ದು, ಅಥವಾ ತೀರ್ಮಾನಿಸದೇ ಬಿಟ್ಟಿದ್ದು, ಮನುಷ್ಯರೇ. ಹಾಗಾಗಿ ಸರ್ಕಾರ ಹೊಸ ತಂತ್ರಾಂಶ ತಂದಾಗ ನಾವು ಎರಡು ಪ್ರಶ್ನೆ ಕೇಳಲೇಬೇಕು. ಹಳೆಯ ದಾಖಲೆಯ ಜೊತೆ ತಾಳೆ ನೋಡಿದವರು ಯಾರು? ತಾಳೆಯಾಗದಿದ್ದರೆ ಜನರ ಕೈಲಿರುವ ಕಾಗದಕ್ಕೆ ಬೆಲೆ ಇದೆಯೋ ಇಲ್ಲವೋ?