ಸ್ಪೋರ್ಟ್ಸ್ ಕಾರಿನ ಅಲಾಯ್ ವೀಲ್‌ಗೆ ಯಾವ ಫಿನಿಶ್? ಬಣ್ಣಕ್ಕಿಂತ ಮೊದಲು ಬಿಸಿಯ ಲೆಕ್ಕ ನೋಡಿ

ಹಳೆಯ ಸ್ಪೋರ್ಟ್ಸ್ ಕಾರಿನ ಅಲಾಯ್ ವೀಲ್‌ಗಳನ್ನು ಹೊಸದರಂತೆ ಮಾಡಿಸಲು ಹೊರಟವರು ಮೊದಲು ಯೋಚಿಸುವುದು ಬಣ್ಣದ ಬಗ್ಗೆ. ಕಪ್ಪೋ, ಬೆಳ್ಳಿಯೋ, ಕನ್ನಡಿಯಂಥ ಹೊಳಪೋ? ಆದರೆ ಪ್ರತಿ ಫಿನಿಶ್‌ನ ಹಿಂದೆಯೂ ಲೋಹದ ಮೇಲೆ ನಡೆಯುವ ಒಂದು ಕೆಲಸ ಇರುತ್ತದೆ. ಒಂದು ವಿಧಾನ ಚಕ್ರವನ್ನು ಕಾಯಿಸಿದರೆ, ಇನ್ನೊಂದು ಅದನ್ನು ಕೆತ್ತುತ್ತದೆ. ಗಂಟೆಗೆ 200 ಕಿ.ಮೀ. ಮುಟ್ಟಬಲ್ಲ ಕಾರಿನಲ್ಲಿ ಇದು ಅಂದದ ವಿಷಯ ಮಾತ್ರವಲ್ಲ, ಸುರಕ್ಷತೆಯ ವಿಷಯವೂ ಹೌದು.

ಕರಗದಿದ್ದರೆ ಕೆಡುವುದಿಲ್ಲವೇ?

"ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಕಡಿಮೆ ಬಿಸಿಯಿಂದ ಚಕ್ರಕ್ಕೆ ಏನೂ ಆಗುವುದಿಲ್ಲ" ಎಂಬ ನಂಬಿಕೆ ಇದೆ. ಇದು ತಪ್ಪು.

ಹೆಚ್ಚಿನ ಅಲಾಯ್ ವೀಲ್‌ಗಳು ಅಲ್ಯೂಮಿನಿಯಂ ಜೊತೆ ಸುಮಾರು ಶೇ. 7ರಷ್ಟು ಸಿಲಿಕಾನ್ ಮತ್ತು ಅತ್ಯಲ್ಪ ಮೆಗ್ನೀಸಿಯಂ ಸೇರಿಸಿ ಎರಕ ಹೊಯ್ದವು. ಎರಕದ ನಂತರ ಗಟ್ಟಿತನಕ್ಕಾಗಿ ಅವುಗಳನ್ನು ಸುಮಾರು 540 ಡಿಗ್ರಿಗೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ 150 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ಇಡುತ್ತಾರೆ. ಆಗ ಲೋಹದೊಳಗೆ ಮೆಗ್ನೀಸಿಯಂ-ಸಿಲಿಕಾನ್‌ನ ಅತಿ ಸೂಕ್ಷ್ಮ ಕಣಗಳು ಮೂಡುತ್ತವೆ. ಲೋಹ ಸುಲಭವಾಗಿ ಬಾಗದಂತೆ ತಡೆಯುವುದು ಈ ಕಣಗಳೇ.

ಇದು ಸಕ್ಕರೆ ಪಾಕದ ಹದದಂತೆ. ಹದ ಬಂದ ಮೇಲೂ ಕಾಯಿಸುತ್ತಲೇ ಹೋದರೆ ಪಾಕ ಕೆಡುತ್ತದೆ. ಚಕ್ರವನ್ನು ಮತ್ತೆ ಹೆಚ್ಚು ಬಿಸಿ ಮಾಡಿದರೆ ಸೂಕ್ಷ್ಮ ಕಣಗಳು ಒಂದಕ್ಕೊಂದು ಸೇರಿ ದೊಡ್ಡವಾಗಿ, ಲೋಹ ಮೆತ್ತಗಾಗುತ್ತದೆ. ಹೊರನೋಟಕ್ಕೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಹಾಗಾದರೆ ಪೌಡರ್ ಕೋಟಿಂಗ್ ಅಪಾಯವೇ?

ಸರಿಯಾಗಿ ಮಾಡಿದರೆ ಅಲ್ಲ. ಪೌಡರ್ ಕೋಟಿಂಗ್‌ನಲ್ಲಿ ಬಣ್ಣದ ಪುಡಿಯನ್ನು ವಿದ್ಯುದಾವೇಶದಿಂದ ಚಕ್ರಕ್ಕೆ ಅಂಟಿಸಿ, ಸಾಮಾನ್ಯವಾಗಿ 180ರಿಂದ 200 ಡಿಗ್ರಿಯಲ್ಲಿ 10ರಿಂದ 20 ನಿಮಿಷ ಬೇಯಿಸುತ್ತಾರೆ. ಇಷ್ಟು ಕಡಿಮೆ ಸಮಯವನ್ನು ಚಕ್ರ ತಾಳಿಕೊಳ್ಳುತ್ತದೆ. ಕಲ್ಲೇಟಿಗೂ ಈ ಪದರ ಸುಲಭವಾಗಿ ಏಳುವುದಿಲ್ಲ. ಆದರೆ ಒಲೆಯ ಬಿಸಿ ಮಿತಿ ಮೀರಿದರೆ, ಅಥವಾ ಪದರದ ಮೇಲೆ ಪದರ ಹಾಕಿ ಮತ್ತೆ ಮತ್ತೆ ಬೇಯಿಸಿದರೆ ಹಾನಿ ಕೂಡುತ್ತಾ ಹೋಗುತ್ತದೆ.

ನಿಜವಾದ ಅಪಾಯ ಇರುವುದು ಹಳೆಯ ಬಣ್ಣ ತೆಗೆಯುವ ಹಂತದಲ್ಲಿ. ಬಣ್ಣವನ್ನು ಸುಟ್ಟು ತೆಗೆಯುವ ಒಲೆಗಳ ಬಿಸಿ 350 ಡಿಗ್ರಿ ದಾಟಬಹುದು. ಕಬ್ಬಿಣದ ಗೇಟಿಗೆ ಸರಿಹೋಗುವ ಈ ವಿಧಾನ ಅಲಾಯ್ ವೀಲ್‌ಗೆ ಬೇಡವೇ ಬೇಡ. ರಾಸಾಯನಿಕದಿಂದ ಅಥವಾ ನುಣುಪು ಕಣಗಳನ್ನು ಚಿಮ್ಮಿಸಿ ಬಣ್ಣ ತೆಗೆಯುವುದು ಸುರಕ್ಷಿತ.

ಸ್ಪ್ರೇ ಪೇಂಟ್ ಇದಕ್ಕಿಂತ ಬಹಳ ಕಡಿಮೆ ಬಿಸಿಯಲ್ಲಿ ಒಣಗುತ್ತದೆ. ಬಣ್ಣಗಳ ಆಯ್ಕೆಯೂ ಹೆಚ್ಚು. ಆದರೆ ಪೌಡರ್‌ನಷ್ಟು ಏಟು ತಾಳುವುದಿಲ್ಲ.

ಡೈಮಂಡ್ ಕಟ್ ಹೊಳಪು ಎಷ್ಟು ಕಾಲ?

ಡೈಮಂಡ್ ಕಟ್‌ನಲ್ಲಿ ಚಕ್ರದ ಮುಖವನ್ನು ಲೇತ್ ಯಂತ್ರದಲ್ಲಿ ತೆಳುವಾಗಿ ಕೆತ್ತಿ, ಮೇಲೆ ಪಾರದರ್ಶಕ ಲ್ಯಾಕರ್ ಬಳಿಯುತ್ತಾರೆ. ಲ್ಯಾಕರ್‌ನಲ್ಲಿ ಒಂದು ಸಣ್ಣ ಬಿರುಕು ಬಿಟ್ಟರೂ ನೀರು, ಉಪ್ಪು ಒಳಗಿಳಿದು ಹುಳು ಹರಿದಂಥ ಬಿಳಿ ಗೆರೆಗಳು ಮೂಡುತ್ತವೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಯುರೋಪಿನಲ್ಲಿ ಇದು ಸಾಮಾನ್ಯ ದೂರು. ನಮ್ಮ ಕರಾವಳಿಯ ಉಪ್ಪುಗಾಳಿಯೂ ಈ ಫಿನಿಶ್‌ಗೆ ಒಳ್ಳೆಯದಲ್ಲ. ಸರಿಪಡಿಸಲು ಮತ್ತೆ ಕೆತ್ತಬೇಕು, ಪ್ರತಿ ಬಾರಿಯೂ ಲೋಹ ಸವೆಯುತ್ತದೆ. ಹಾಗಾಗಿ ಒಂದು ಚಕ್ರಕ್ಕೆ ಇದನ್ನು ಕೆಲವೇ ಬಾರಿ ಮಾಡಿಸಬಹುದು.

ಹಳೆಯ ಪೋರ್ಷೆ ಕಲಿಸುವ ಪಾಠ

1966ರಲ್ಲಿ ಪೋರ್ಷೆ 911 ಎಸ್ ಜೊತೆ ಬಂದ ಫುಕ್ಸ್ ಚಕ್ರಗಳು ಎರಕದವಲ್ಲ, ಒತ್ತಿ ರೂಪಿಸಿದ ಫೋರ್ಜ್ಡ್ ಚಕ್ರಗಳು. ಅವುಗಳ ಮೂಲ ಹೊಳಪು ಬಂದದ್ದು ಆನೊಡೈಸಿಂಗ್‌ನಿಂದ, ಅಂದರೆ ವಿದ್ಯುತ್ ಹಾಯಿಸಿ ಲೋಹದ ಮೇಲ್ಮೈಯನ್ನೇ ರಕ್ಷಣಾ ಪದರವಾಗಿ ಬೆಳೆಸುವ ವಿಧಾನದಿಂದ. ಇದಕ್ಕೆ ಒಲೆ ಬೇಕಿಲ್ಲ. ಕನ್ನಡಿಯಂತೆ ಕಾಣಲಿ ಎಂದು ಇಂಥ ಚಕ್ರವನ್ನು ಉಜ್ಜಿ ಪಾಲಿಶ್ ಮಾಡಿಸಿದರೆ ಆ ಪದರವೇ ಹೋಗಿಬಿಡುತ್ತದೆ. ಆಮೇಲೆ ಆಗಾಗ ಉಜ್ಜಿ ಮೇಣ ಹಚ್ಚದಿದ್ದರೆ ಹೊಳಪು ಮಂಕಾಗುತ್ತದೆ. ಹಾಗೆಂದು ಎಲ್ಲ ಚಕ್ರಗಳಿಗೂ ಆನೊಡೈಸಿಂಗ್ ಹೊಂದುವುದಿಲ್ಲ. ಸಿಲಿಕಾನ್ ಹೆಚ್ಚಿರುವ ಎರಕದ ಚಕ್ರಗಳ ಮೇಲೆ ಅದು ಮಬ್ಬಾಗಿ, ಕಲೆಕಲೆಯಾಗಿ ಕಾಣುತ್ತದೆ.

ಚಕ್ರ ಕೊಡುವ ಮುನ್ನ ಏನು ಕೇಳಬೇಕು?

• ಹಳೆಯ ಬಣ್ಣವನ್ನು ಹೇಗೆ ತೆಗೆಯುತ್ತೀರಿ? "ಸುಟ್ಟು" ಎಂದರೆ ಬೇರೆ ಕಡೆ ಹೋಗಿ.
• ಒಲೆಯ ಬಿಸಿ ಎಷ್ಟು, ಎಷ್ಟು ಹೊತ್ತು, ಎಷ್ಟು ಸುತ್ತು?
• ಬಣ್ಣಕ್ಕೆ ಮೊದಲು ಬಿರುಕು, ಬಾಗು ಪರೀಕ್ಷಿಸುತ್ತೀರಾ? ಹೊಸ ಬಣ್ಣ ಹಳೆಯ ಬಿರುಕನ್ನು ಮುಚ್ಚಿಬಿಡುತ್ತದೆ.
• ನಟ್ ಕೂರುವ ಜಾಗ ಮತ್ತು ಹಬ್‌ಗೆ ತಾಗುವ ಮುಖಕ್ಕೆ ಬಣ್ಣ ತಾಗದಂತೆ ಮುಚ್ಚುತ್ತೀರಾ? ಅಲ್ಲಿ ದಪ್ಪ ಬಣ್ಣವಿದ್ದರೆ ಓಡುತ್ತಾ ಅದು ಅಮುಕಿ, ನಟ್‌ನ ಬಿಗಿ ಸಡಿಲವಾಗಬಹುದು. ಚಕ್ರ ಹಾಕಿ ಸ್ವಲ್ಪ ದೂರ ಓಡಿಸಿದ ಮೇಲೆ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿ.

ಒಟ್ಟಿನಲ್ಲಿ, ಮಳೆ-ಧೂಳಿನಲ್ಲಿ ಹೆಚ್ಚು ಓಡುವ ಕಾರಿಗೆ ಮಿತ ಬಿಸಿಯಲ್ಲಿ ಮಾಡಿದ ಪೌಡರ್ ಕೋಟಿಂಗ್ ಸೂಕ್ತ. ಅಪರೂಪಕ್ಕೆ ಹೊರಬರುವ ಕಾರಿಗೆ ಡೈಮಂಡ್ ಕಟ್ ನಡೆಯುತ್ತದೆ. ಹಳೆಯ ಫೋರ್ಜ್ಡ್ ಚಕ್ರವಾದರೆ ಅದರ ಮೂಲ ಫಿನಿಶ್ ಯಾವುದೆಂದು ತಿಳಿದುಕೊಂಡೇ ಕೈಹಾಕಿ. ಬಣ್ಣ ಹಿಡಿಸದಿದ್ದರೆ ಬದಲಾಯಿಸಬಹುದು, ಆದರೆ ಹದ ಕೆಟ್ಟ ಲೋಹವನ್ನು ಬಣ್ಣದ ಅಂಗಡಿಯಲ್ಲಿ ಸರಿಮಾಡಲಾಗದು.